ತಟಸ್ಥ ಅಮೆರಿಕವನ್ನು ಯುದ್ಧಕ್ಕೆ ಎಳೆದವರು ಯಾರು?

2025ರ ಫೆಬ್ರುವರಿಯಲ್ಲಿ ವಾಷಿಂಗ್ಟನ್‌ಗೆ ಹೋಗಿದ್ದ ನಮ್ಮ ಪ್ರಧಾನಿ, ಉಕ್ರೇನ್ ಯುದ್ಧದಲ್ಲಿ ಭಾರತ ತಟಸ್ಥವಲ್ಲ, ಶಾಂತಿಯ ಪರ ಇದೆ ಎಂದು ಹೇಳಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕ, ರಷ್ಯಾದಿಂದ ಎಣ್ಣೆ ಕೊಳ್ಳುತ್ತೀರಿ ಅನ್ನುವ ಕಾರಣ ಕೊಟ್ಟು ನಮ್ಮ ಸರಕಿನ ಮೇಲೆ ಇನ್ನೂ ಶೇ 25ರಷ್ಟು ಸುಂಕ ಹೇರಿತು. ನಾವು ಎಲ್ಲೂ ಗುಂಡು ಹಾರಿಸಿರಲಿಲ್ಲ. ಎಣ್ಣೆ ಕೊಂಡಿದ್ದೆವು, ಅಷ್ಟೆ. ಆದರೆ ಅದು ಸುಮ್ನೆ ವ್ಯಾಪಾರ ಎಂದರೆ ಒಪ್ಪಲು ವಾಷಿಂಗ್ಟನ್ ತಯಾರಿರಲಿಲ್ಲ. ತಮಾಷೆ ಏನೆಂದರೆ, ನೂರು ವರ್ಷಗಳ ಹಿಂದೆ ಇದೇ ಆರೋಪ ಎದುರಿಸಿ, 'ನಮ್ಮದು ಬರೀ ವ್ಯಾಪಾರ' ಎಂದು ವಾದಿಸಿದ್ದು ಇದೇ ಅಮೆರಿಕ. ಅದು ಮೊದಲ ಮಹಾಯುದ್ಧದ ಕಾಲ, ಆಗ ಬೆರಳು ತೋರಿಸುತ್ತಿದ್ದದ್ದು ಜರ್ಮನಿ.

1916ರ ನವೆಂಬರ್‌ನಲ್ಲಿ ವುಡ್ರೊ ವಿಲ್ಸನ್ ಎರಡನೇ ಸಲ ಅಧ್ಯಕ್ಷರಾಗಿ ಗೆದ್ದರು. 'ನಮ್ಮನ್ನು ಯುದ್ಧದಿಂದ ದೂರ ಇಟ್ಟವರು' ಅನ್ನುವುದೇ ಅವರ ಪಕ್ಷದ ಘೋಷಣೆ. ಗೆಲುವು ತೀರ್ಮಾನವಾದದ್ದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಅಂತರ ನಾಲ್ಕು ಸಾವಿರ ಮತಕ್ಕಿಂತ ಕಡಿಮೆ. ಇದಾಗಿ ಐದೇ ತಿಂಗಳಿಗೆ, 1917ರ ಏಪ್ರಿಲ್ 2ರ ರಾತ್ರಿ, ಅದೇ ವಿಲ್ಸನ್ ಸಂಸತ್ತಿನ ಮುಂದೆ ನಿಂತು ಯುದ್ಧಕ್ಕೆ ಒಪ್ಪಿಗೆ ಕೇಳಿದರು. ಏಪ್ರಿಲ್ 6ರ ಹೊತ್ತಿಗೆ ಅಮೆರಿಕ ಜರ್ಮನಿಯ ಶತ್ರು.

ಇದನ್ನು ಶಾಲೆಯಲ್ಲಿ ಓದಿದವರಿಗೆ ಎರಡು ಹೆಸರು ನೆನಪಿರುತ್ತವೆ: ಲುಸಿಟಾನಿಯಾ ಹಡಗು, ಜಿಮ್ಮರ್‌ಮನ್ ತಂತಿ. ಹಡಗು ಮುಳುಗಿತು, ತಂತಿ ಸಿಕ್ಕಿಬಿತ್ತು, ಅಮೆರಿಕ ಸಿಟ್ಟಾಯಿತು, ಯುದ್ಧ ಶುರು. ಲೆಕ್ಕ ಇಷ್ಟು ಸಲೀಸಾಗಿ ಕೂರುವುದಿಲ್ಲ. ಹಡಗು ಮುಳುಗಿದ್ದು 1915ರ ಮೇ ತಿಂಗಳಲ್ಲಿ, ಯುದ್ಧಕ್ಕೆ ಇಳಿದದ್ದು ಅದಾಗಿ ಸುಮಾರು ಎರಡು ವರ್ಷದ ಮೇಲೆ. ನಡುವಿನ ಆ ಎರಡು ವರ್ಷ ಏನಾಯಿತು ಅನ್ನುವುದರಲ್ಲೇ ನಿಜವಾದ ಕಥೆ ಇದೆ.

ಮೊದಲು ಕಾನೂನಿನ ಮಾತು. 1907ರ ಹೇಗ್ ಒಪ್ಪಂದಗಳ ಪ್ರಕಾರ ತಟಸ್ಥ ದೇಶದ ಸರ್ಕಾರ ಯುದ್ಧದಲ್ಲಿರುವ ಯಾರಿಗೂ ತಾನಾಗಿ ಶಸ್ತ್ರ ಕೊಡುವಂತಿಲ್ಲ. ಆದರೆ ಆ ದೇಶದ ಖಾಸಗಿ ವ್ಯಾಪಾರಿಗಳು ಮಾರಿಕೊಂಡರೆ ಸರ್ಕಾರ ತಡೆಯಲೇಬೇಕು ಎಂದೇನೂ ಇಲ್ಲ. ಅಂದರೆ ಕಾಗದದ ಮೇಲೆ ಅಮೆರಿಕದ ಕಾರ್ಖಾನೆಗಳು ಬ್ರಿಟನ್ನಿಗೂ ಮಾರಬಹುದಿತ್ತು, ಜರ್ಮನಿಗೂ ಮಾರಬಹುದಿತ್ತು. ತೊಂದರೆ ಇದ್ದದ್ದು ಕಡಲಿನಲ್ಲಿ. ಕಡಲು ಬ್ರಿಟನ್ನಿನ ಕೈಯಲ್ಲಿತ್ತು. 1914ರ ನವೆಂಬರ್‌ನಲ್ಲಿ ಬ್ರಿಟನ್ ಇಡೀ ಉತ್ತರ ಸಮುದ್ರವನ್ನೇ ಯುದ್ಧವಲಯ ಎಂದು ಸಾರಿತು. 1915ರ ಮಾರ್ಚ್‌ನಲ್ಲಿ ಜರ್ಮನಿಗೆ ಹೋಗುವ, ಅಲ್ಲಿಂದ ಬರುವ ಯಾವ ಸರಕನ್ನೂ ಬಿಡುವುದಿಲ್ಲ ಎಂದಿತು. ಅದರಲ್ಲಿ ಆಹಾರವೂ ಸೇರಿತ್ತು. ಅಮೆರಿಕದ ಹಡಗುಗಳನ್ನು ತಡೆದು, ತಮ್ಮ ಬಂದರಿಗೆ ಎಳೆದುಕೊಂಡು ಹೋಗಿ ತಪಾಸಣೆ ಮಾಡತೊಡಗಿದರು.

ವಾಷಿಂಗ್ಟನ್ ಇದಕ್ಕೆ ಆಕ್ಷೇಪ ಎತ್ತಿತು. ಪತ್ರದ ಮೇಲೆ ಪತ್ರ ಬರೆಯಿತು. ಬ್ರಿಟನ್ ಬಲು ಮರ್ಯಾದೆಯಿಂದ, ಬಲು ನಿಧಾನವಾಗಿ ಉತ್ತರ ಕೊಟ್ಟಿತು. 1915ರ ಆಗಸ್ಟ್‌ನಲ್ಲಿ ಹತ್ತಿಯನ್ನೂ ನಿಷಿದ್ಧ ಸರಕಿನ ಪಟ್ಟಿಗೆ ಸೇರಿಸಿದಾಗ ಅಮೆರಿಕದ ದಕ್ಷಿಣದ ಬೆಳೆಗಾರರು ದಂಗೆ ಏಳಬಹುದಿತ್ತು. ಬೆಲೆ ಬೀಳದಂತೆ ತಾನೇ ಹತ್ತಿ ಕೊಳ್ಳುತ್ತೇನೆ ಎಂದು ಬ್ರಿಟನ್ ಒಳಗೊಳಗೇ ಮಾತು ಕೊಟ್ಟು ಬಾಯಿ ಮುಚ್ಚಿಸಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಹುಡುಕುವುದು ಕಷ್ಟ.

ಅಂಕಿಗಳನ್ನೇ ನೋಡಿ. ಬ್ರಿಟನ್ ಮತ್ತು ಫ್ರಾನ್ಸಿಗೆ ಅಮೆರಿಕದ ರಫ್ತು 1914ರಲ್ಲಿ ಸುಮಾರು 75 ಕೋಟಿ ಡಾಲರ್ ಇದ್ದದ್ದು 1916ಕ್ಕೆ ಸುಮಾರು 275 ಕೋಟಿಗೆ ಏರಿತು. ಜರ್ಮನಿಗೆ ಹೋಗುತ್ತಿದ್ದದ್ದು ಇದೇ ಹೊತ್ತಿಗೆ ಹೆಚ್ಚುಕಡಿಮೆ ಸೊನ್ನೆಗೆ ಬಂದು ನಿಂತಿತು. ಅಮೆರಿಕ ಒಂದು ಕಾನೂನನ್ನೂ ಮುರಿದಿರಲಿಲ್ಲ. ಹೊಡೆದಾಡುವ ಇಬ್ಬರು ದಾಯಾದಿಗಳ ನಡುವೆ ಊರಿನ ಅಂಗಡಿಯವನು 'ನನಗೆ ಇಬ್ಬರೂ ಒಂದೇ' ಎನ್ನಬಹುದು. ಆದರೆ ಅಂಗಡಿಗೆ ಬರುವ ದಾರಿ ಒಬ್ಬನಿಗೆ ಮಾತ್ರ ತೆರೆದಿದ್ದು, ಅವನ ಹೆಸರಿನಲ್ಲೇ ಉದ್ರಿ ಬರೆಯುತ್ತ ಹೋದರೆ, ಯಾರು ಗೆಲ್ಲಬೇಕು ಅನ್ನುವುದರಲ್ಲಿ ಅಂಗಡಿಯವನಿಗೂ ಆಸಕ್ತಿ ಹುಟ್ಟದೆ ಇರುತ್ತದಾ?

ಉದ್ರಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯುದ್ಧ ಶುರುವಾದಾಗ ಅಮೆರಿಕದ ವಿದೇಶಾಂಗ ಸಚಿವರಾಗಿದ್ದವರು ವಿಲಿಯಂ ಜೆನ್ನಿಂಗ್ಸ್ ಬ್ರಯನ್. ಯುದ್ಧ ಮಾಡುತ್ತಿರುವ ದೇಶಕ್ಕೆ ನಮ್ಮ ಬ್ಯಾಂಕುಗಳು ಸಾಲ ಕೊಡುವುದು ತಟಸ್ಥರಿಗೆ ತಕ್ಕದ್ದಲ್ಲ ಎಂದು ಅವರು 1914ರ ಆಗಸ್ಟ್‌ನಲ್ಲೇ ಹೇಳಿಬಿಟ್ಟರು. ಅವರ ವಾದ ಸರಳ. ನಿಷಿದ್ಧ ಸರಕುಗಳಲ್ಲೆಲ್ಲ ಕೆಟ್ಟದ್ದು ಹಣ, ಯಾಕೆಂದರೆ ಉಳಿದ ಎಲ್ಲ ಸರಕನ್ನೂ ಅದು ತರಿಸುತ್ತದೆ. ಒಂದು ಪಕ್ಷಕ್ಕೆ ಸಾಲ ಕೊಟ್ಟವರು ಆ ಪಕ್ಷ ಗೆಲ್ಲಲಿ ಎಂದು ಬಯಸುವುದು ಸಹಜ. ಅವರ ಪತ್ರಿಕೆ, ಅವರ ಪ್ರಭಾವ ಎಲ್ಲ ಆ ಕಡೆ ವಾಲುತ್ತದೆ. ಬ್ರಯನ್ ಅವರನ್ನು ಆಗಿನ ಬುದ್ಧಿವಂತರು ಹಳ್ಳಿ ಭಾಷಣಕಾರ ಎಂದು ಗೇಲಿ ಮಾಡುತ್ತಿದ್ದರು. ನನ್ನ ಮಟ್ಟಿಗೆ ಆ ಸಂಪುಟದಲ್ಲಿ ಮುಂದಿನದನ್ನು ಸರಿಯಾಗಿ ಕಂಡವರು ಅವರೊಬ್ಬರೇ.

ಅವರ ನಿಷೇಧ ಗಟ್ಟಿಯಾಗಿ ನಿಂತದ್ದು ಎರಡೇ ತಿಂಗಳು. ಅಕ್ಟೋಬರ್‌ನಲ್ಲಿ, ಸಾರ್ವಜನಿಕರಿಂದ ಎತ್ತುವ 'ಸಾಲ' ಬೇರೆ, ಖರೀದಿಗೆಂದು ಬ್ಯಾಂಕು ಕೊಡುವ 'ಕ್ರೆಡಿಟ್' ಬೇರೆ ಅನ್ನುವ ಒಂದು ತೆಳು ಗೆರೆ ಎಳೆದು ದಾರಿ ಬಿಟ್ಟರು. 1915ರ ಜನವರಿಯಲ್ಲಿ ಜೆ.ಪಿ. ಮಾರ್ಗನ್ ಸಂಸ್ಥೆ ಅಮೆರಿಕದಲ್ಲಿ ಬ್ರಿಟನ್ನಿನ ಖರೀದಿ ಏಜೆಂಟ್ ಆಯಿತು. ಕಮಿಷನ್ ಶೇ 1ರ ಆಸುಪಾಸು. ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಕೈಯಲ್ಲಿ ಡಾಲರ್ ಕಡಿಮೆಯಾಗಿತ್ತು. ಬ್ರಯನ್ ಜಾಗಕ್ಕೆ ಬಂದಿದ್ದ ರಾಬರ್ಟ್ ಲ್ಯಾನ್ಸಿಂಗ್, ಸಾಲಕ್ಕೆ ಬಿಡದಿದ್ದರೆ ರಫ್ತು ನಿಲ್ಲುತ್ತದೆ, ಕಾರ್ಖಾನೆ ಮುಚ್ಚುತ್ತವೆ, ಜನ ಕೆಲಸ ಕಳೆದುಕೊಳ್ಳುತ್ತಾರೆ ಎಂದು ಅಧ್ಯಕ್ಷರಿಗೆ ಬರೆದರು. ಅಕ್ಟೋಬರ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಒಟ್ಟಾಗಿ 50 ಕೋಟಿ ಡಾಲರ್ ಸಾಲ ಎತ್ತಿದವು. ಯುದ್ಧಕ್ಕೆ ಇಳಿಯುವ ಹೊತ್ತಿಗೆ ಅಮೆರಿಕದ ಖಾಸಗಿಯವರು ಮಿತ್ರಪಕ್ಷಗಳಿಗೆ ಕೊಟ್ಟಿದ್ದ ಸಾಲ ಅಂದಾಜು 230 ಕೋಟಿ ಡಾಲರ್. ಜರ್ಮನಿಗೆ ಕೊಟ್ಟದ್ದು ಮೂರು ಕೋಟಿಯೂ ಮುಟ್ಟುವುದಿಲ್ಲ.

ಇನ್ನು ಸಬ್‌ಮರೀನ್. ಜರ್ಮನಿಯ ಹತ್ತಿರ ಬ್ರಿಟನ್ನಿನ ದಿಗ್ಬಂಧನಕ್ಕೆ ಉತ್ತರ ಕೊಡಲು ಇದ್ದದ್ದು ಇದೊಂದೇ ಆಯುಧ. 1915ರ ಫೆಬ್ರುವರಿ 4ರಂದು ಬ್ರಿಟನ್ನಿನ ಸುತ್ತಲ ಕಡಲನ್ನೆಲ್ಲ ಯುದ್ಧವಲಯ ಎಂದು ಅದೂ ಸಾರಿತು. ಇಲ್ಲಿ ಒಂದು ವ್ಯತ್ಯಾಸ ಇದೆ. ಬ್ರಿಟನ್ನಿನ ನೌಕೆ ನಿಮ್ಮ ಹಡಗನ್ನು ತಡೆದರೆ ಸರಕು ಹೋಗುತ್ತದೆ, ಕೋರ್ಟಿಗೆ ಹೋಗಿ ಪರಿಹಾರ ಕೇಳಬಹುದು. ಸಬ್‌ಮರೀನ್ ಬಂದರೆ ಜೀವ ಹೋಗುತ್ತದೆ. ಹಳೇ ಕಾನೂನಿನ ಪ್ರಕಾರ ವ್ಯಾಪಾರಿ ಹಡಗನ್ನು ನಿಲ್ಲಿಸಿ, ಜನರನ್ನು ಇಳಿಸಿ, ಆಮೇಲೆ ಮುಳುಗಿಸಬೇಕು. ಹಾಗೆ ಮಾಡಲು ಸಬ್‌ಮರೀನ್ ನೀರಿನ ಮೇಲೆ ಬಂದರೆ ಹಡಗಿನಲ್ಲಿ ಅಡಗಿಸಿಟ್ಟ ಒಂದು ಸಣ್ಣ ಫಿರಂಗಿ ಸಾಕು ಅದರ ಕಥೆ ಮುಗಿಸಲು.

ವಿಲ್ಸನ್ ಸರ್ಕಾರ ಒಂದೇ ವಾರದೊಳಗೆ ಉತ್ತರ ಕೊಟ್ಟಿತು. ಅಮೆರಿಕದ ಹಡಗಿಗೋ ಪ್ರಜೆಗೋ ಹಾನಿಯಾದರೆ ಜರ್ಮನಿಯನ್ನೇ ಕಟ್ಟುನಿಟ್ಟಾಗಿ ಹೊಣೆ ಮಾಡುತ್ತೇವೆ ಎಂದಿತು. ಕೇಳಲು ಗಟ್ಟಿ ಮಾತು. ಆದರೆ ಯುದ್ಧಕ್ಕೆ ಇಳಿಯಬೇಕೋ ಬೇಡವೋ ಅನ್ನುವ ತೀರ್ಮಾನದ ಬೀಗದಕೈಯನ್ನು ಅಮೆರಿಕ ಅವತ್ತೇ ಬರ್ಲಿನ್ನಿನ ಕೈಗೆ ಕೊಟ್ಟುಬಿಟ್ಟಿತು. ಅದು ಹೇಗೆ ಅನ್ನುವುದು ಗೊತ್ತಾಗಲು ಇನ್ನೂ ಎರಡು ವರ್ಷ ಬೇಕಾಯಿತು.

ಲುಸಿಟಾನಿಯಾ ಮುಳುಗಿದ್ದು 1915ರ ಮೇ 7ರಂದು, ಐರ್ಲೆಂಡಿನ ದಕ್ಷಿಣ ತೀರದ ಹತ್ತಿರ. ಒಂದೇ ಟಾರ್ಪಿಡೊ, ಹದಿನೆಂಟು ನಿಮಿಷ. ಸತ್ತವರು 1,200ರಷ್ಟು, ಅವರಲ್ಲಿ ಅಮೆರಿಕನ್ನರು 128. ಹಡಗು ಬ್ರಿಟನ್ನಿನದು. ಅದರ ಹೊಟ್ಟೆಯಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಬಂದೂಕಿನ ಗುಂಡುಗಳಿದ್ದವು. ಈ ಹಡಗುಗಳಲ್ಲಿ ಹೋಗಬೇಡಿ ಎಂದು ಜರ್ಮನ್ ರಾಯಭಾರ ಕಚೇರಿ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತ್ತು. ಹಡಗು ಹೊರಟ ದಿನವೇ ಅದು ಅಚ್ಚಾಗಿತ್ತು. ಮದ್ದುಗುಂಡು ಸಾಗಿಸುವ ಹಡಗು ಪ್ರಯಾಣಿಕರನ್ನು ಗುರಾಣಿ ಮಾಡಿಕೊಳ್ಳಬಾರದು ಎಂದು ಬ್ರಯನ್ ವಾದಿಸಿದರು. ಜರ್ಮನಿಗೆ ಬೈಯುವುದಾದರೆ ಬ್ರಿಟನ್ನಿಗೂ ಅಷ್ಟೇ ಬೈಯೋಣ ಎಂದರು. ವಿಲ್ಸನ್ ಒಪ್ಪಲಿಲ್ಲ. ಜೂನ್‌ನಲ್ಲಿ ಬ್ರಯನ್ ರಾಜೀನಾಮೆ ಕೊಟ್ಟು ಹೊರಬಂದರು.

ಯುದ್ಧದಿಂದ ತಪ್ಪಿಸಿಕೊಳ್ಳುವ ದಾರಿ ಆಮೇಲೂ ಒಂದಿತ್ತು. 1916ರ ಶುರುವಿನಲ್ಲಿ ಸಂಸತ್ತಿನ ಇಬ್ಬರು ಸದಸ್ಯರು, ಗೋರ್ ಮತ್ತು ಮೆಕ್ಲೆಮೋರ್, ಒಂದೊಂದು ನಿರ್ಣಯ ತಂದರು. ಯುದ್ಧದಲ್ಲಿರುವ ದೇಶಗಳ ಶಸ್ತ್ರಸಜ್ಜಿತ ಹಡಗುಗಳಲ್ಲಿ ಅಮೆರಿಕನ್ನರು ಪ್ರಯಾಣ ಮಾಡಬಾರದು ಅನ್ನುವುದು ಅದರ ಸಾರ. ಸುಮ್ನೆ ಯೋಚಿಸಿ. ಬೆಂಕಿ ಬಿದ್ದಿರುವ ಕಡೆಗೆ ನಮ್ಮ ಜನ ಹೋಗುವುದು ಬೇಡ, ಹೋದರೆ ಅವರವರ ಹಣೆಬರಹ. ಇಷ್ಟೇ ತಾನೆ? ಇವತ್ತು ಯಾವುದೇ ದೇಶದಲ್ಲಿ ಯುದ್ಧ ಶುರುವಾದರೆ ನಮ್ಮ ವಿದೇಶಾಂಗ ಇಲಾಖೆ ಹೊರಡಿಸುವ ಸೂಚನೆಯಂಥದ್ದೇ ಅದು. ಆದರೆ ವಿಲ್ಸನ್ ಇದನ್ನು ಮಾನದ ಪ್ರಶ್ನೆ ಮಾಡಿಕೊಂಡರು. ಒಂದು ಹಕ್ಕು ಬಿಟ್ಟುಕೊಟ್ಟರೆ ಆಮೇಲೆ ಒಂದೊಂದಾಗಿ ಎಲ್ಲ ಬಿಡಬೇಕಾಗುತ್ತದೆ, ಅವಮಾನದ ಮೇಲೆ ಅವಮಾನ ನುಂಗಬೇಕಾಗುತ್ತದೆ ಎಂದು ಸೆನೆಟರ್ ಒಬ್ಬರಿಗೆ ಪತ್ರ ಬರೆದರು. ಪಕ್ಷದವರ ಮೇಲೆ ಒತ್ತಡ ಹಾಕಿ, ಸೆನೆಟ್‌ನಲ್ಲಿ 68–14, ಕೆಳಮನೆಯಲ್ಲಿ 276–142 ಮತಗಳಿಂದ ನಿರ್ಣಯಗಳನ್ನು ಮೂಲೆಗೆ ಸೇರಿಸಿದರು. ಅಮೆರಿಕ ಯುದ್ಧದ ಕಡೆ ತಿರುಗಿದ್ದು ಯಾವತ್ತು ಎಂದು ಕೇಳಿದರೆ, ಲುಸಿಟಾನಿಯಾ ಮುಳುಗಿದ ದಿನಕ್ಕಿಂತ ಈ ಮತದಾನದ ದಿನವನ್ನೇ ನಾನು ತೋರಿಸುತ್ತೇನೆ.

ಅದೇ ವರ್ಷದ ಮಾರ್ಚ್ 24ರಂದು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಸಸೆಕ್ಸ್ ಅನ್ನುವ ಫ್ರೆಂಚ್ ಹಡಗಿಗೆ ಟಾರ್ಪಿಡೊ ಬಿತ್ತು, ಅಮೆರಿಕನ್ನರಿಗೂ ಗಾಯವಾಯಿತು. ಹೀಗೇ ಮುಂದುವರಿದರೆ ಸಂಬಂಧ ಕಡಿದುಕೊಳ್ಳುತ್ತೇವೆ ಎಂದು ವಿಲ್ಸನ್ ಎಚ್ಚರಿಸಿದರು. ಮೇ 4ರಂದು ಜರ್ಮನಿ ಬಗ್ಗಿತು. ಎಚ್ಚರಿಕೆ ಕೊಡದೆ ವ್ಯಾಪಾರಿ ಹಡಗು ಮುಳುಗಿಸುವುದಿಲ್ಲ ಎಂದು ಮಾತು ಕೊಟ್ಟಿತು. ಜೊತೆಗೆ ಒಂದು ಷರತ್ತು: ಬ್ರಿಟನ್ ಕೂಡ ಕಾನೂನು ಪಾಲಿಸುವಂತೆ ನೀವು ಮಾಡಬೇಕು. ವಿಲ್ಸನ್ ಮಾತನ್ನು ತೆಗೆದುಕೊಂಡು ಷರತ್ತನ್ನು ವಾಪಸ್ ಕಳಿಸಿದರು. ಒಂಬತ್ತು ತಿಂಗಳು ಶಾಂತಿ ಇತ್ತು. ಆದರೆ ಗೆರೆ ಈಗ ಇನ್ನೂ ದಪ್ಪವಾಗಿತ್ತು. ಜರ್ಮನಿ ಮಾತು ಮುರಿದರೆ ವಿಲ್ಸನ್ನರಿಗೆ ಹಿಂದೆ ಸರಿಯಲು ಜಾಗವೇ ಇರಲಿಲ್ಲ.

ಈಗ 1916ರ ಕೊನೆಗೆ ಬರೋಣ. ಈ ಇಡೀ ಕಥೆಯಲ್ಲಿ ನನಗೆ ತುಂಬಾ ಕುತೂಹಲ ಹುಟ್ಟಿಸುವ ಭಾಗ ಇದು, ಶಾಲೆಯಲ್ಲಿ ಯಾರೂ ಹೇಳಿಕೊಡದ ಭಾಗವೂ ಹೌದು.

ಬ್ರಿಟನ್ ಯುದ್ಧಕ್ಕೆ ದಿನಕ್ಕೆ 50 ಲಕ್ಷ ಪೌಂಡ್ ಖರ್ಚು ಮಾಡುತ್ತಿತ್ತು. ಅದರಲ್ಲಿ 20 ಲಕ್ಷ ಉತ್ತರ ಅಮೆರಿಕದಲ್ಲೇ ಹುಟ್ಟಬೇಕಿತ್ತು. ಚಿನ್ನ ಕರಗುತ್ತಿತ್ತು. ಅಡವಿಡಲು ಇದ್ದ ಷೇರು, ಬಾಂಡುಗಳೂ ಕರಗುತ್ತಿದ್ದವು. ಹೀಗೇ ಹೋದರೆ ಮುಂದಿನ ಜೂನ್ ಹೊತ್ತಿಗೆ, ಇಲ್ಲವೇ ಅದಕ್ಕೂ ಮೊದಲೇ, ಅಮೆರಿಕದ ಅಧ್ಯಕ್ಷರು ಹೇಳಿದಂತೆ ಕೇಳಬೇಕಾದ ಸ್ಥಿತಿ ಬರುತ್ತದೆ ಎಂದು ಬ್ರಿಟನ್ನಿನ ಹಣಕಾಸು ಸಚಿವರು ಅಕ್ಟೋಬರ್‌ನಲ್ಲೇ ಸಂಪುಟಕ್ಕೆ ಟಿಪ್ಪಣಿ ಕೊಟ್ಟಿದ್ದರು. ಆಗ ಖಜಾನೆಯಲ್ಲಿ ಕೂತು ಈ ಲೆಕ್ಕ ಹಾಕುತ್ತಿದ್ದವರಲ್ಲಿ ಒಬ್ಬರು ಜಾನ್ ಮೇನಾರ್ಡ್ ಕೇನ್ಸ್. ಮುಂದೆ ಜಗತ್ತಿಗೆಲ್ಲ ಗೊತ್ತಾದ ಅರ್ಥಶಾಸ್ತ್ರಜ್ಞ.

ಮಾರ್ಗನ್ ಸಂಸ್ಥೆ ಹೊಸ ದಾರಿ ಹುಡುಕಿತು. ಅಡಮಾನ ಇಲ್ಲದ ಅಲ್ಪಾವಧಿ ಪತ್ರಗಳನ್ನು ಅಮೆರಿಕದ ಬ್ಯಾಂಕುಗಳಿಗೆ ಮಾರುವ ಯೋಚನೆ ಅದು. ನವೆಂಬರ್ 28ರಂದು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಮಂಡಳಿ ಒಂದು ಹೇಳಿಕೆ ಹೊರಡಿಸಿತು: ಇಂಥ ವಿದೇಶಿ ಪತ್ರಗಳ ವಿಷಯದಲ್ಲಿ ಹುಷಾರಾಗಿರಿ. ಆ ಹೇಳಿಕೆಯ ಕರಡನ್ನು ವಿಲ್ಸನ್ ಸ್ವತಃ ನೋಡಿ, ಇನ್ನೂ ಖಾರವಾಗಿ ಬರೆಯಿರಿ ಎಂದಿದ್ದರು. ಮಾರುಕಟ್ಟೆ ನಡುಗಿತು. ಮಾರ್ಗನ್ ಯೋಜನೆ ಕೈಬಿಟ್ಟಿತು. ಪೌಂಡಿನ ಬೆಲೆ ಹಿಡಿದು ನಿಲ್ಲಿಸಲು ಲಂಡನ್ ಚಿನ್ನ ಸುರಿಯಬೇಕಾಯಿತು. ಅಧ್ಯಕ್ಷರ ಉದ್ದೇಶ ಇದ್ದದ್ದು ಎರಡೂ ಕಡೆಯವರನ್ನು ಮಾತುಕತೆಗೆ ಕೂರಿಸುವುದು, ಅದಕ್ಕೆ ಬ್ರಿಟನ್ನಿನ ಕಿವಿ ಹಿಂಡುವುದು. 1917ರ ಜನವರಿ 22ರಂದು ಸೆನೆಟ್‌ನಲ್ಲಿ ಅವರು ಯಾರೂ ಗೆಲ್ಲದ ಶಾಂತಿ ಬೇಕು ಎಂದು ಭಾಷಣ ಮಾಡಿದ್ದೂ ಇದೇ ಧಾಟಿಯಲ್ಲಿ.

ಅಂದರೆ 1916ರ ಡಿಸೆಂಬರ್‌ನಲ್ಲಿ ಅಮೆರಿಕ ನಿಜಕ್ಕೂ ತಟಸ್ಥತೆಯ ಕಡೆ ವಾಪಸ್ ವಾಲುತ್ತಿತ್ತು. ಬ್ರಿಟನ್ ಕೈಯಲ್ಲಿ ಕಾಸಿರಲಿಲ್ಲ. ಜರ್ಮನಿ ಇನ್ನೊಂದು ಆರು ತಿಂಗಳು ತೆಪ್ಪಗೆ ಕೂತಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲ. ಮಿತ್ರಪಕ್ಷಗಳ ಖರೀದಿ ಅರ್ಧಕ್ಕೆ ಇಳಿಯುತ್ತಿತ್ತು ಎಂದು ಧೈರ್ಯವಾಗಿ ಹೇಳುವ ಇತಿಹಾಸಕಾರರೂ ಇದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ. ಜರ್ಮನಿ ಕಾಯಲಿಲ್ಲ ಅನ್ನುವುದಷ್ಟೇ ಖಾತ್ರಿ.

1917ರ ಜನವರಿ 9ರಂದು ಸೈಲೀಷಿಯಾದ ಪ್ಲೆಸ್ ಕೋಟೆಯಲ್ಲಿ (ಈಗ ಅದು ಪೋಲೆಂಡಿನಲ್ಲಿದೆ) ಜರ್ಮನ್ ಚಕ್ರವರ್ತಿ ಕೈಸರ್ ಮುಂದೆ ಸಭೆ ಸೇರಿತು. ನೌಕಾಪಡೆಯ ಮುಖ್ಯಸ್ಥ ಹೋಲ್ಟ್‌ಜೆನ್‌ಡಾರ್ಫ್ ಒಂದು ದಪ್ಪ ವರದಿ ತಯಾರು ಮಾಡಿದ್ದರು. ತಿಂಗಳಿಗೆ 6 ಲಕ್ಷ ಟನ್ ಹಡಗು ಮುಳುಗಿಸಿದರೆ ಐದು ತಿಂಗಳಲ್ಲಿ ಬ್ರಿಟನ್ ಅನ್ನಕ್ಕಿಲ್ಲದೆ ಮಣಿಯುತ್ತದೆ ಎಂಬುದು ಅದರ ಲೆಕ್ಕ. ಗೋಧಿ ಬೆಲೆ, ಹಡಗು ಬಾಡಿಗೆ, ಫಸಲು ಎಲ್ಲ ಅದರಲ್ಲಿತ್ತು. ಅಮೆರಿಕ ಯುದ್ಧಕ್ಕೆ ಬಂದರೆ? ಬರಲಿ. ಅವರ ಒಬ್ಬ ಸೈನಿಕನೂ ಯುರೋಪಿನ ನೆಲದ ಮೇಲೆ ಕಾಲಿಡುವುದಿಲ್ಲ. ನೌಕಾ ಸಚಿವ ಕಪೆಲೆ ಅಂತೂ ಮಿಲಿಟರಿ ದೃಷ್ಟಿಯಿಂದ ಅಮೆರಿಕ ಅಂದರೆ ಏನೂ ಅಲ್ಲ ಎಂದು ಸಂಸತ್ತಿನ ಸಮಿತಿಯ ಮುಂದೆ ಒತ್ತಿ ಒತ್ತಿ ಹೇಳಿದರು. ಆ ಮಾತು ಪೂರ್ತಿ ಹುಚ್ಚೇನಲ್ಲ. ಅಮೆರಿಕದ ಕಾಯಂ ಸೇನೆ ಆಗ ಒಂದೂಕಾಲು ಲಕ್ಷದ ಸುತ್ತಮುತ್ತ ಇತ್ತು.

ಚಾನ್ಸಲರ್ ಬೆತ್‌ಮನ್ ಹೋಲ್ವೆಗ್ ಒಬ್ಬರೇ ಮೊದಲಿಂದ ಬೇಡ ಎನ್ನುತ್ತಿದ್ದವರು. ಅವತ್ತು ಅವರೂ ಸೋತರು. ಸೇನಾಧಿಕಾರಿಗಳ ವಾದದ ತಿರುಳು ಇದು: ಅಮೆರಿಕದ ಗುಂಡು, ಅಮೆರಿಕದ ಗೋಧಿ, ಅಮೆರಿಕದ ಸಾಲ ಎಲ್ಲ ಈಗಾಗಲೇ ನಮ್ಮ ವಿರುದ್ಧ ಹೋರಾಡುತ್ತಿವೆ. ಇದಕ್ಕಿಂತ ಹೆಚ್ಚಿನದೇನು ಮಾಡಿಯಾರು? ಮುಳುಗಿದವನಿಗೆ ಚಳಿಯೇನು ಅನ್ನುತ್ತಾರಲ್ಲ, ಹಾಗೆ. ಎರಡೂವರೆ ವರ್ಷದ ವ್ಯಾಪಾರ, ಉದ್ರಿ, ಪಕ್ಷಪಾತದ ಪತ್ರಗಳ ಫಲ ಸಿಕ್ಕಿದ್ದು ಇಲ್ಲಿ. ಅಮೆರಿಕ ತನ್ನನ್ನು ತಟಸ್ಥ ಎಂದು ಭಾವಿಸಿಕೊಂಡಿತ್ತು. ಪ್ಲೆಸ್ ಕೋಟೆಯಲ್ಲಿ ಕೂತವರು ಹಾಗೆ ಭಾವಿಸಿರಲಿಲ್ಲ. ಯುದ್ಧದಲ್ಲಿ ಇರುವವನು ನಿಮ್ಮನ್ನು ಏನೆಂದು ನೋಡುತ್ತಾನೆ ಅನ್ನುವುದು, ನೀವು ನಿಮ್ಮನ್ನು ಏನೆಂದು ಕರೆದುಕೊಳ್ಳುತ್ತೀರಿ ಅನ್ನುವುದಕ್ಕಿಂತ ದೊಡ್ಡದಾಗಿಬಿಟ್ಟಿತು.

ಜನವರಿ 31ರಂದು ಜರ್ಮನ್ ರಾಯಭಾರಿ ವಾಷಿಂಗ್ಟನ್‌ನಲ್ಲಿ ಪತ್ರ ಕೊಟ್ಟರು. ನಾಳೆಯಿಂದ ಯುದ್ಧವಲಯದಲ್ಲಿ ಕಂಡ ಹಡಗನ್ನೆಲ್ಲ ಮುಳುಗಿಸುತ್ತೇವೆ. ಅಮೆರಿಕಕ್ಕೆ ಒಂದು ವಿನಾಯಿತಿ ಕೊಟ್ಟಿದ್ದರು, ಅದನ್ನು ಓದಬೇಕು. ವಾರಕ್ಕೆ ಒಂದು ಪ್ರಯಾಣಿಕರ ಹಡಗು ಬ್ರಿಟನ್ನಿನ ಫಾಲ್ಮತ್ ಬಂದರಿಗೆ ಬರಬಹುದು. ಭಾನುವಾರ ಬರಬೇಕು, ಬುಧವಾರ ಹೊರಡಬೇಕು. ಹಡಗಿನ ಮೈಮೇಲೆ ಒಂದೊಂದು ಮೀಟರ್ ಅಗಲದ ಕೆಂಪು–ಬಿಳಿ ಪಟ್ಟೆ ಬಳಿದಿರಬೇಕು. ಕಂಬಗಳ ಮೇಲೆ ಕೆಂಪು–ಬಿಳಿ ಚೌಕದ ಬಾವುಟ ಹಾರಬೇಕು. ಸ್ವತಂತ್ರ ದೇಶವೊಂದಕ್ಕೆ ಹಡಗಿಗೆ ಯಾವ ಬಣ್ಣ ಬಳಿಯಬೇಕು ಎಂದು ಹೇಳಿಕಳಿಸುವುದು ಅಂದರೆ! ಅಲ್ಲಿಯವರೆಗೆ ಯುದ್ಧ ಬೇಡ ಎನ್ನುತ್ತಿದ್ದವರಿಗೂ ಇದು ನುಂಗಲಾರದ ತುತ್ತಾಯಿತು. ಫೆಬ್ರುವರಿ 3ರಂದು ಅಮೆರಿಕ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಆದರೆ ಯುದ್ಧ ಸಾರಲಿಲ್ಲ. ಇನ್ನೂ ಎರಡು ತಿಂಗಳು ಕಾದರು.

ಆ ಎರಡು ತಿಂಗಳಲ್ಲಿ ಬಂದದ್ದು ತಂತಿ. ಜರ್ಮನ್ ವಿದೇಶಾಂಗ ಸಚಿವ ಜಿಮ್ಮರ್‌ಮನ್ ಜನವರಿ 16ರಂದು ಮೆಕ್ಸಿಕೊದಲ್ಲಿದ್ದ ತಮ್ಮ ರಾಯಭಾರಿಗೆಂದು ಸಂಕೇತ ಅಂಕಿಗಳಲ್ಲಿ ಒಂದು ಸಂದೇಶ ಕಳಿಸಿದ್ದರು. ಅಮೆರಿಕದ ಜೊತೆ ಯುದ್ಧವಾದರೆ ಮೆಕ್ಸಿಕೊ ನಮ್ಮ ಜೊತೆ ಸೇರಲಿ, ಟೆಕ್ಸಸ್, ನ್ಯೂ ಮೆಕ್ಸಿಕೊ, ಅರಿಜೋನಾ ವಾಪಸ್ ಪಡೆಯಲಿ. ಜಪಾನನ್ನೂ ಎಳೆದು ತರಲಿ. ಈ ಸಂದೇಶ ಹೋದ ದಾರಿ ನೋಡಿದರೆ ನಗು ಬರುತ್ತದೆ. ಶಾಂತಿ ಮಾತುಕತೆಗೆ ಅನುಕೂಲ ಆಗಲಿ ಎಂದು ವಿಲ್ಸನ್ ಜರ್ಮನಿಗೆ ಅಮೆರಿಕದ ಸ್ವಂತ ರಾಜತಾಂತ್ರಿಕ ತಂತಿ ಮಾರ್ಗ ಬಳಸಲು ಬಿಟ್ಟಿದ್ದರು. ಅಮೆರಿಕದ ಮೂರು ರಾಜ್ಯ ಕಿತ್ತುಕೊಳ್ಳುವ ಸಂಚು ಬರ್ಲಿನ್ನಿನ ಅಮೆರಿಕ ರಾಯಭಾರ ಕಚೇರಿಯಿಂದಲೇ ಹೊರಟು, ಕೋಪನ್‌ಹೇಗನ್, ಲಂಡನ್ ದಾಟಿ ವಾಷಿಂಗ್ಟನ್ ತಲುಪಿ, ಅಲ್ಲಿಂದ ಮೆಕ್ಸಿಕೊಗೆ ಹೋಯಿತು. ಲಂಡನ್ನಿನಲ್ಲಿ ಬ್ರಿಟನ್ನಿನ ಗೂಢಲಿಪಿ ಕಚೇರಿ 'ರೂಮ್ 40' ಅದನ್ನು ಕದ್ದು ಓದಿತು. ಅಂದರೆ ಬ್ರಿಟನ್ ತನ್ನ ಗೆಳೆಯ ಅಮೆರಿಕದ ತಂತಿಯನ್ನೂ ಓದುತ್ತಿತ್ತು. ಅದು ಗೊತ್ತಾಗಬಾರದು ಎಂದು ಮೆಕ್ಸಿಕೊ ನಗರದಲ್ಲಿ ಅದೇ ಸಂದೇಶದ ಇನ್ನೊಂದು ಪ್ರತಿ ಗಿಟ್ಟಿಸಿ, ಅದನ್ನು ಮುಂದೆ ಮಾಡಿತು.

ಮಾರ್ಚ್ 1ರಂದು ಪತ್ರಿಕೆಗಳಲ್ಲಿ ಬಂತು. ಬಹಳ ಜನ ಇದು ಬ್ರಿಟಿಷರ ನಕಲಿ ಎಂದರು. ಜಿಮ್ಮರ್‌ಮನ್ 'ನಾನು ಬರೆದಿಲ್ಲ' ಎಂದಿದ್ದರೆ ಅರ್ಧ ದೇಶ ನಂಬುತ್ತಿತ್ತು. ಮಾರ್ಚ್ 3ರಂದು ಆತ 'ಹೌದು, ನಿಜ' ಎಂದುಬಿಟ್ಟರು. ಯುರೋಪಿನ ಜಗಳಕ್ಕೂ ನಮಗೂ ಏನು ಸಂಬಂಧ ಎಂದು ಕೂತಿದ್ದ ಪಶ್ಚಿಮದ ರಾಜ್ಯಗಳಿಗೆ ಮೊದಲ ಸಲ ಬಿಸಿ ತಟ್ಟಿತು.

ಅದಾದ ಮೇಲೆ ಎಲ್ಲ ಚಕಚಕ ನಡೆಯಿತು. ವ್ಯಾಪಾರಿ ಹಡಗುಗಳಿಗೆ ಫಿರಂಗಿ ಕೊಡುವ ಮಸೂದೆಗೆ ಸೆನೆಟ್‌ನ ಹತ್ತು ಹನ್ನೆರಡು ಮಂದಿ ಮಾತಾಡುತ್ತಲೇ ಇದ್ದು ಅಡ್ಡಗಾಲು ಹಾಕಿದರು. ವಿಲ್ಸನ್ ತಮ್ಮ ಅಧಿಕಾರ ಬಳಸಿ ಫಿರಂಗಿ ಕೊಟ್ಟರು. ಮಾರ್ಚ್ 15ರಂದು ರಷ್ಯಾದ ತ್ಸಾರ್ ಪಟ್ಟ ಬಿಟ್ಟಿಳಿದರು. ಪ್ರಜಾಪ್ರಭುತ್ವಕ್ಕಾಗಿ ಯುದ್ಧ ಎನ್ನಲು ಇದ್ದ ಮುಜುಗರವೊಂದು ತಪ್ಪಿತು. ಮಾರ್ಚ್ 16ರಿಂದ 18ರ ನಡುವೆ ವಿಜಿಲೆನ್ಸಿಯಾ, ಸಿಟಿ ಆಫ್ ಮೆಂಫಿಸ್, ಇಲಿನಾಯ್ ಎಂಬ ಮೂರು ಅಮೆರಿಕನ್ ಹಡಗುಗಳು ಮುಳುಗಿದವು. ಮಾರ್ಚ್ 20ರಂದು ಸಂಪುಟ ಒಕ್ಕೊರಲಿನಿಂದ ಯುದ್ಧ ಎಂದಿತು. ಸೆನೆಟ್‌ನಲ್ಲಿ 82–6. ಕೆಳಮನೆಯಲ್ಲಿ 373–50. ಐವತ್ತು ವಿರೋಧ ಮತಗಳಲ್ಲಿ ಒಂದು ಮೊಂಟಾನಾದ ಜೆನೆಟ್ ರ್‍ಯಾಂಕಿನ್ ಅವರದು. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆ ಅವರು, ಸದನಕ್ಕೆ ಬಂದ ವಾರದಲ್ಲೇ ಎದುರಾದ ಮತ ಇದು.

ಸೆನೆಟ್‌ನ ಆರು ಮಂದಿಯಲ್ಲಿ ಒಬ್ಬರಾದ ಜಾರ್ಜ್ ನಾರಿಸ್, ನಾವು ಚಿನ್ನದ ಅಪ್ಪಣೆಯಂತೆ ಯುದ್ಧಕ್ಕೆ ಹೋಗುತ್ತಿದ್ದೇವೆ ಎಂದರು. ಈ ಆರೋಪ ಇವತ್ತಿಗೂ ಜನಪ್ರಿಯ. ಬ್ಯಾಂಕಿನವರು ಕೊಟ್ಟ ಸಾಲ ಮುಳುಗದಿರಲಿ ಎಂದು ಹುಡುಗರನ್ನು ಸಾಯಲು ಕಳಿಸಿದರು ಅನ್ನುವ ಮಾತು ಫೇಸ್‌ಬುಕ್‌ನಲ್ಲಿ ತಿಂಗಳಿಗೊಮ್ಮೆಯಾದರೂ ಕಾಣಿಸುತ್ತದೆ. ನನಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ. ವಿಲ್ಸನ್ ಬ್ಯಾಂಕಿನವರ ಮಾತು ಕೇಳುವವರಾಗಿದ್ದರೆ ನವೆಂಬರ್ 28ರ ಆ ಹೇಳಿಕೆಯನ್ನು ಖಾರ ಮಾಡಿಸುತ್ತಿರಲಿಲ್ಲ. ಸಾಲ ಮಾಡಿದ ಕೆಲಸ ಬೇರೆ ಕಡೆ. ಅದು ಬದಲಿಸಿದ್ದು ವಾಷಿಂಗ್ಟನ್ನಿನ ಮನಸ್ಸನ್ನಲ್ಲ, ಬರ್ಲಿನ್ನಿನ ಲೆಕ್ಕವನ್ನು. ಇಷ್ಟು ಸಾಲ, ಇಷ್ಟು ಸರಕು ಹೋಗದೆ ಇದ್ದಿದ್ದರೆ ಪ್ಲೆಸ್ ಕೋಟೆಯಲ್ಲಿ 'ಅವರು ಹೇಗೂ ಶತ್ರುಗಳೇ' ಎಂದು ಅಷ್ಟು ಸುಲಭವಾಗಿ ಹೇಳಲು ಆಗುತ್ತಿರಲಿಲ್ಲ.

ಅವರ ಲೆಕ್ಕ ತಪ್ಪಿದ್ದೂ ವಿಚಿತ್ರವಾಗಿಯೇ. 1917ರ ಏಪ್ರಿಲ್‌ನಲ್ಲಿ ಮುಳುಗಿದ್ದು 8 ಲಕ್ಷ ಟನ್ನಿಗೂ ಜಾಸ್ತಿ, ಹೇಳಿದ್ದಕ್ಕಿಂತ ಹೆಚ್ಚೇ. ಆದರೆ ಹಡಗುಗಳು ಗುಂಪಾಗಿ, ಕಾವಲಿನಲ್ಲಿ ಹೋಗತೊಡಗಿದ ಮೇಲೆ ಆಟ ತಿರುಗಿತು. ಬರುವುದೇ ಇಲ್ಲ ಎಂದಿದ್ದ ಅಮೆರಿಕನ್ ಸೈನಿಕರು ಸುಮಾರು 20 ಲಕ್ಷ ಮಂದಿ ಫ್ರಾನ್ಸಿಗೆ ಬಂದಿಳಿದರು. 1.16 ಲಕ್ಷ ಮಂದಿ ಸತ್ತರು, ಅವರಲ್ಲಿ ಅರ್ಧದಷ್ಟು ಕಾಯಿಲೆಯಿಂದ.

ನಮ್ಮವರಿಗೆ ಸಂಬಂಧಪಟ್ಟ ಒಂದು ಉಪಕಥೆ ಇಲ್ಲಿದೆ. 1915ರಲ್ಲಿ, ಅಮೆರಿಕದಲ್ಲಿದ್ದ ಭಾರತೀಯ ಕ್ರಾಂತಿಕಾರಿಗಳ ಗದರ್ ಪಕ್ಷದವರು ಜರ್ಮನ್ ದುಡ್ಡಿನಲ್ಲಿ ಶಸ್ತ್ರ ಕೊಂಡು, ಆ್ಯನಿ ಲಾರ್ಸನ್ ಅನ್ನುವ ಹಾಯಿಹಡಗಿನಲ್ಲಿ ಸ್ಯಾನ್ ಡಿಯಾಗೊದಿಂದ ಭಾರತಕ್ಕೆ ಸಾಗಿಸಲು ನೋಡಿದರು. ಮೆಕ್ಸಿಕೊ ತೀರದಾಚೆ ಇನ್ನೊಂದು ಹಡಗು ಸಿಗಬೇಕಿತ್ತು, ಸಿಗಲಿಲ್ಲ. ಅಲೆದು ಅಲೆದು ವಾಪಸ್ ಬಂದಾಗ ಶಸ್ತ್ರ ಜಪ್ತಿಯಾಯಿತು. ಅಮೆರಿಕ ಯುದ್ಧಕ್ಕೆ ಇಳಿಯುವ ಹೊತ್ತಿಗೆ, 1917ರ ಮಾರ್ಚ್–ಏಪ್ರಿಲ್‌ನಲ್ಲಿ, ಬಂಧನಗಳು ಜೋರಾದವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆ ನವೆಂಬರ್‌ನಲ್ಲಿ ವಿಚಾರಣೆ ಶುರುವಾಯಿತು. ಆರೋಪ ಏನು ಗೊತ್ತಾ? ಅಮೆರಿಕದ ತಟಸ್ಥತೆಯನ್ನು ಉಲ್ಲಂಘಿಸಲು ಸಂಚು. ಬ್ರಿಟನ್ನಿಗೆ ಮಾರುವುದು ವ್ಯಾಪಾರ, ಅಮೆರಿಕದ ನೆಲದಿಂದ ದಂಡಯಾತ್ರೆ ಹೊರಡಿಸುವುದು ಅಪರಾಧ. ಕಾನೂನಿನಲ್ಲಿ ಆ ವ್ಯತ್ಯಾಸ ನಿಜವಾಗಿಯೂ ಇತ್ತು, ಇಲ್ಲ ಎನ್ನಲಾಗದು. ಆದರೆ ತಾನೇ ತಟಸ್ಥನಲ್ಲದ ದೇಶ ತಟಸ್ಥತೆ ಕೆಡಿಸಿದಿರಿ ಎಂದು ಶಿಕ್ಷೆ ಕೊಡುತ್ತಿದ್ದದ್ದು ಆ ಕಟಕಟೆಯಲ್ಲಿ ನಿಂತವರಿಗೆ ಹೇಗೆ ಕೇಳಿಸಿರಬಹುದು! 1918ರ ಏಪ್ರಿಲ್‌ನಲ್ಲಿ, ವಿಚಾರಣೆಯ ಕೊನೆಯ ದಿನ, ಕೋರ್ಟಿನೊಳಗೇ ಗದರ್ ನಾಯಕ ರಾಮ್ ಚಂದ್ರ ಅವರನ್ನು ಇನ್ನೊಬ್ಬ ಆರೋಪಿ ರಾಮ್ ಸಿಂಗ್ ಗುಂಡಿಟ್ಟು ಕೊಂದರು. ಪಹರೆಯವನ ಗುಂಡಿಗೆ ರಾಮ್ ಸಿಂಗ್ ಕೂಡ ಸತ್ತರು. ಇನ್ನು ಭಾರತಕ್ಕೆ ತಟಸ್ಥವಾಗಿರುವ ಅವಕಾಶವೇ ಇರಲಿಲ್ಲ. 1914ರ ಆಗಸ್ಟ್‌ನಲ್ಲಿ ಬ್ರಿಟನ್ ಇಳಿದಾಗಲೇ ನಾವೂ ಇಳಿದಿದ್ದೆವು, ಯಾರೂ ಕೇಳಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಓಡಿಸಿದ್ದು ಆ ಲೆಕ್ಕದಲ್ಲೇ.

ಯುದ್ಧ ಮುಗಿದ ಮೇಲೆ ಅಮೆರಿಕನ್ನರಿಗೆ ಪಶ್ಚಾತ್ತಾಪ ಶುರುವಾಯಿತು. 1934ರಿಂದ 1936ರವರೆಗೆ ಸೆನೆಟ್‌ನ ನೈ ಸಮಿತಿ ಶಸ್ತ್ರ ತಯಾರಕರು, ಬ್ಯಾಂಕಿನವರನ್ನೆಲ್ಲ ಕರೆಸಿ ಜಾಲಾಡಿತು. ಅದರ ಹಿಂದೆಯೇ ಬಂದ ತಟಸ್ಥತೆಯ ಕಾಯ್ದೆಗಳನ್ನು ಓದಿದರೆ ಬ್ರಯನ್ ಅವರ ಪಟ್ಟಿ ಓದಿದ ಹಾಗೆ ಇರುತ್ತದೆ. 1935ರಲ್ಲಿ ಶಸ್ತ್ರ ಮಾರಾಟಕ್ಕೆ ತಡೆ, 1936ರಲ್ಲಿ ಸಾಲಕ್ಕೆ ತಡೆ, 1937ರಲ್ಲಿ ಯುದ್ಧದಲ್ಲಿರುವ ದೇಶದ ಹಡಗು ಹತ್ತುವುದಕ್ಕೂ ತಡೆ. ಇಪ್ಪತ್ತು ವರ್ಷ ತಡವಾಗಿ ಎಲ್ಲ ಬಾಗಿಲಿಗೂ ಬೀಗ ಬಿತ್ತು.

ಎರಡನೇ ಮಹಾಯುದ್ಧ ಬಂದ ಮೇಲೆ ಆ ಬೀಗಗಳನ್ನು ಅಮೆರಿಕವೇ ಒಂದೊಂದಾಗಿ ತೆಗೆಯಿತು. 1939ರ ನವೆಂಬರ್‌ನಲ್ಲಿ, ನಗದು ಕೊಟ್ಟು ನಿಮ್ಮದೇ ಹಡಗಿನಲ್ಲಿ ಒಯ್ಯಿರಿ ಅನ್ನುವ ಷರತ್ತಿನ ಮೇಲೆ ಶಸ್ತ್ರ ಮಾರಾಟ. 1940ರಲ್ಲಿ ಬ್ರಿಟನ್ನಿಗೆ ಹಳೇ ಯುದ್ಧನೌಕೆ ಐವತ್ತು. ನಗದು ಮುಗಿದಾಗ 1941ರ ಮಾರ್ಚ್‌ನಲ್ಲಿ ಲೆಂಡ್–ಲೀಸ್, ಅಂದರೆ ಶಸ್ತ್ರಗಳನ್ನು ಎರವಲು ಕೊಡುವ ಯೋಜನೆ. ಈ ಸಲ ಉದ್ರಿ ಬರೆದದ್ದು ಮಾರ್ಗನ್ ಅಲ್ಲ, ಸರ್ಕಾರವೇ. ಅಕ್ಟೋಬರ್ 31ರಂದು ಜರ್ಮನ್ ಸಬ್‌ಮರೀನ್ ಅಮೆರಿಕದ ಯುದ್ಧನೌಕೆ ರೂಬೆನ್ ಜೇಮ್ಸ್ ಅನ್ನು ಮುಳುಗಿಸಿತು, ನೂರರಷ್ಟು ನಾವಿಕರು ಸತ್ತರು. ಆಗಲೂ ಸಂಸತ್ತು ಯುದ್ಧ ಸಾರಲಿಲ್ಲ. ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದ ಮರುದಿನ, ಡಿಸೆಂಬರ್ 8ರಂದು, ರೂಸ್‌ವೆಲ್ಟ್ ಒಪ್ಪಿಗೆ ಕೇಳಿದ್ದು ಜಪಾನಿನ ವಿರುದ್ಧ ಮಾತ್ರ. ಅವರ ಭಾಷಣದಲ್ಲಿ ಜರ್ಮನಿಯ ಮೇಲೆ ಯುದ್ಧದ ಮಾತೇ ಇರಲಿಲ್ಲ. ಮೂರು ದಿನ ಬಿಟ್ಟು, ಡಿಸೆಂಬರ್ 11ರಂದು, ಹಿಟ್ಲರ್ ತಾನಾಗಿಯೇ ಅಮೆರಿಕದ ಮೇಲೆ ಯುದ್ಧ ಘೋಷಿಸಿದ. ಅಮೆರಿಕದ ಸಂಸತ್ತು ಮತ ಹಾಕಿದ್ದು ಅದಾದ ಮೇಲೆ, ಅದೇ ದಿನ.